ಫೆಲ್ಟ್ ತೂಗಿದ ಬಾಗಿಲು

ಹಳಿಯಾಳ ದಾಟಿದ ಮೇಲೆ ದಾಂಡೇಲಿ ಕಣ್ಣಿಗೆ ಬೀಳುವುದಕ್ಕೂ ಮೊದಲು ಮೂಗಿಗೆ ಸಿಗುತ್ತದೆ. ಮೊನ್ನೆ ಹೋದಾಗಲೂ ಹಾಗೆಯೇ ಆಯಿತು. ಬಸ್ಸಿನಲ್ಲಿ ನನ್ನ ಮುಂದಿನ ಸೀಟುಗಳಲ್ಲಿ ಗಣೇಶಗುಡಿಗೆ ರಾಫ್ಟಿಂಗ್ ಮಾಡಲು ಹೊರಟ ನಾಲ್ಕಾರು ಹುಡುಗ ಹುಡುಗಿಯರಿದ್ದರು. ಅಲ್ಲಿಯತನಕ ಸಾಗುವಾನಿ ಕಾಡಿನ ಫೋಟೋ ತೆಗೆಯುತ್ತ ಬಂದವರು ಒಮ್ಮೆಲೇ ಕಿಟಕಿ ಎಳೆದು ಮೂಗಿಗೆ ಕರವಸ್ತ್ರ ಹಿಡಿದರು.

"ಇಶ್ಶೀ, ಏನಿದು ವಾಸನೆ? ಈ ಊರಲ್ಲಿ ಜನ ಹೇಗಿರ್ತಾರಪ್ಪ?" ಎಂದಳು ಒಬ್ಬಳು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಹೆಂಗಿರ್ತಾರ ಅಂದ್ರ? ನನ್ಹಂಗ ಇರ್ತಾರ," ಅಂದೆ. "ಕಾಗದ ಮಾಡಾಕ ಕಟ್ಟಿಗಿ ಬೇಯಸ್ತಾರವ್ವಾ ಅಲ್ಲೆ. ನೀ ಸಾಲ್ಯಾಗ ಹರದು ಒಗದ ಹಾಳಿ ಎಲ್ಲಾ ಮೊದಲ ಹಿಂಗ ನಾರತಿದ್ವು."

ಹುಡುಗಿ ನಾಚಿಕೊಂಡು "ಸಾರಿ ಆಂಟಿ" ಎಂದಳು. ಪಾಪ, ಅವಳ ತಪ್ಪೇನೂ ಇಲ್ಲ. ಆದರೆ ನರ್ಸ್ ಆಗಿ ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮೊದಲು ದಾಂಡೇಲಿ ಎಂದರೆ "ಆ ನಾರೋ ಊರಾ?" ಎನ್ನುತ್ತಿದ್ದರು. ಈಗ "ಓಹ್, ಕಾಡು, ನದಿ, ರೆಸಾರ್ಟು!" ಎನ್ನುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ನಾನು ಬೆಳೆದ ದಾಂಡೇಲಿಗೆ ಯಾರೂ ಹುಲಿ ನೋಡಲು ಬರುತ್ತಿರಲಿಲ್ಲ. ಮಿಲ್ಲಿನ ಭೋಂಗಾ ಕೂಗಿದಾಗ ಅರ್ಧ ಊರು ಏಳುತ್ತಿತ್ತು, ಉಳಿದರ್ಧ ಆಗ ಮಲಗಲು ಮನೆಗೆ ಬರುತ್ತಿತ್ತು. ಆ ಊರಿನ ಲೇಬರ್ ಲೈನಿನಲ್ಲಿ, ಎಂದರೆ ಮಿಲ್ಲಿನ ಕೆಲಸಗಾರರ ಸಾಲುಮನೆಗಳಲ್ಲಿ, ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿದ ಬೇಸಿಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಬೇಸಿಗೆಯಲ್ಲಿ ನಮ್ಮನ್ನು ಮನೆ ಬಿಡಿಸಲು ಬಂದವರಿಗೆ ನಮ್ಮ ಬಾಗಿಲು ಬಡಿಯಲು ಆಗಲಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಮನೆಯಲ್ಲಿ ಗಂಡಸೂ ಇರಲಿಲ್ಲ. ಇದ್ದದ್ದು ಒಂದು ಹಳೆಯ ಫೆಲ್ಟಿನ ತುಂಡು.

ಮಿಲ್ಲಿನ ಯಂತ್ರದಲ್ಲಿ ಹಸಿ ಕಾಗದದ ಕೆಳಗೆ ಉಣ್ಣೆಯ ದಪ್ಪ ಬಟ್ಟೆಯೊಂದು ಓಡುತ್ತಿರುತ್ತದೆ, ಕಾಗದದ ನೀರು ಹೀರಿಕೊಳ್ಳಲು. ಅದಕ್ಕೆ ಫೆಲ್ಟ್ ಎನ್ನುತ್ತಾರೆ. ಸವೆದ ಮೇಲೆ ಅದರ ತುಂಡುಗಳು ಕೆಲಸಗಾರರ ಮನೆಗೆ ಬರುತ್ತಿದ್ದವು. ನಮ್ಮ ಊರಲ್ಲಿ ಅದೇ ಕಂಬಳಿ, ಅದೇ ಚಾಪೆ, ಅದೇ ಬಾಣಂತಿಯ ಹಾಸಿಗೆ. ಉಳವಿಯ ಜಾತ್ರೆಗೆ ಹೊರಟ ಚಕ್ಕಡಿಗಳು ನಮ್ಮೂರ ಮೇಲೆ ಹಾದು ಹೋಗುವಾಗ ಧಾರವಾಡ ಕಡೆಯ ರೈತರು ಎತ್ತಿಗೆ ಹೊದಿಸಲು ಫೆಲ್ಟನ್ನು ಕೇಳಿ ಕೇಳಿ ಒಯ್ಯುತ್ತಿದ್ದರು.

ಲೈನಿನ ಮನೆಗಳೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೊಂದು ಕಟ್ಟೆ, ಮೇಲೆ ಸಿಮೆಂಟ್ ಶೀಟು. ನಡುವಿನ ಗೋಡೆಗಳು ಎಷ್ಟು ತೆಳುವೆಂದರೆ ನಾವು ಒಗ್ಗರಣೆ ಹಾಕಿದರೆ ಪಕ್ಕದ ಮನೆಯವರು ಸೀನುತ್ತಿದ್ದರು. ಇಂಥ ಕಡೆ ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ನಿದ್ದೆ ಮಾಡುವುದಾದರೂ ಹೇಗೆ? ಅದಕ್ಕೆ ಲೈನಿನ ಹೆಂಗಸರು ಒಂದು ರೂಢಿ ಮಾಡಿಕೊಂಡಿದ್ದರು. ಗಂಡ ಉಂಡು ಮಲಗಿದೊಡನೆ ಬಾಗಿಲ ಚಿಲಕಕ್ಕೆ ಒಂದು ಮೊಳ ಫೆಲ್ಟ್ ತೂಗಿಬಿಡುವುದು. ಚಿಲಕದ ಸದ್ದೂ ಅಡಗುತ್ತಿತ್ತು, ನೋಡಿದವರಿಗೆ ಒಳಗೆ ಯಾರೋ ಮಲಗಿದ್ದಾರೆಂದು ತಿಳಿಯುತ್ತಿತ್ತು.

ಫೆಲ್ಟ್ ತೂಗಿದ ಬಾಗಿಲನ್ನು ಯಾರೂ ಬಡಿಯುವಂತಿರಲಿಲ್ಲ. ಕಾಯಿಪಲ್ಲೆಯವಳು ಅಲ್ಲಿ ಬಂದಾಗ ಕೂಗು ನಿಲ್ಲಿಸಿ ಮೂರು ಮನೆ ದಾಟಿ ಮತ್ತೆ ಶುರು ಮಾಡುತ್ತಿದ್ದಳು. ಅಂಚೆಯವನು ಕಾಗದವನ್ನು ಕಿಟಕಿಯೊಳಗೆ ಜಾರಿಸಿ ಹೋಗುತ್ತಿದ್ದ. ಹುಡುಗರ ಚಿನ್ನಿದಾಂಡು ಹಿಂದಿನ ಓಣಿಗೆ ಹೋಗುತ್ತಿತ್ತು. ಇಬ್ಬರು ಹೆಂಗಸರು ನಳದ ಹತ್ತಿರ ಜುಟ್ಟು ಹಿಡಿಯುವ ತನಕ ಹೋಗಿ, ಎದುರಿನ ಬಾಗಿಲಲ್ಲಿ ಫೆಲ್ಟ್ ಕಂಡು, ಸುಮ್ಮನೆ ಲೈನಿನ ಕೊನೆಯತನಕ ಜೊತೆಯಾಗಿ ನಡೆದುಹೋಗಿ ಅಲ್ಲಿ ಮನಸೋ ಇಚ್ಛೆ ಬೈದಾಡಿಕೊಂಡು ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇದನ್ನು ಯಾವ ಸಾಹೇಬನೂ ಬರೆದುಕೊಟ್ಟಿರಲಿಲ್ಲ. ಮಲಗಿದವನು ಮರುದಿನ ಯಂತ್ರದ ಮುಂದೆ ತೂಕಡಿಸಿದರೆ ಏನಾಗುತ್ತದೆಂದು ಎಲ್ಲ ಮನೆಗಳಿಗೂ ಗೊತ್ತಿತ್ತು, ಅಷ್ಟೇ.

ನನ್ನ ಅಪ್ಪ ಸತ್ತದ್ದು ಆ ಫೆಲ್ಟಿನ ಹಿಂದೆ. ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ರಾತ್ರಿ ಪಾಳಿ ಮುಗಿಸಿ ಬಂದವನು ಎರಡು ರೊಟ್ಟಿ ತಿಂದು ಮಲಗಿದ. ಅವ್ವ ಫೆಲ್ಟ್ ತೂಗಿದಳು. ಮಧ್ಯಾಹ್ನವಾಯಿತು, ಬಿಸಿಲು ಇಳಿಯಿತು. ದಣಿದಿದ್ದಾನೆ, ಮಲಗಲಿ ಎಂದು ಅವ್ವ ಕಟ್ಟೆಯ ಮೇಲೆ ಕೂತು ಬಂದವರನ್ನೆಲ್ಲ ಬಾಯಿಗೆ ಬೆರಳಿಟ್ಟು ಕಳಿಸಿದಳು. ನಾನೂ ಶಾಲೆಯಿಂದ ಬಂದು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಬಾಗಿಲಿಂದ ಹೋದೆ. ಅವನ ಎದೆ ಮುಂಜಾನೆಯೇ ನಿಂತಿತ್ತೆಂದು ಆಮೇಲೆ ಡಾಕ್ಟರು ಹೇಳಿದರು. ಇಡೀ ಲೈನು ಅವತ್ತು ಒಂದು ಹೆಣದ ನಿದ್ದೆ ಕೆಡದಂತೆ ಕಾದಿತ್ತು.

ಫೆಲ್ಟನ್ನು ಸುಡು, ಅದು ಅಪಶಕುನ ಎಂದು ಎಷ್ಟೋ ಮಂದಿ ಹೇಳಿದರು. ಅವ್ವ ಸುಡಲಿಲ್ಲ. ಮಡಿಚಿ ಅಟ್ಟದ ಮೇಲೆ ಇಟ್ಟಳು. "ಅವನ ಎದಿ ನಿಂತ್ರ ಅದೇನು ಮಾಡೀತು?" ಎಂದಳು.

ಅಪ್ಪ ಹೋದ ಮೇಲೆ ಕ್ವಾರ್ಟರ್ಸು ನಮ್ಮದಾಗಿ ಉಳಿಯುವುದಿಲ್ಲವೆಂದು ಗೊತ್ತಿತ್ತು. ಕೆಲಸ ಇದ್ದವರಿಗೆ ಮನೆ, ಅದು ನಿಯಮ. ಸ್ವಲ್ಪ ಕಾಲ ಕೊಟ್ಟಿದ್ದರು, ಅದು ಸಂಕ್ರಾಂತಿಯ ಹೊತ್ತಿಗೆ ಮುಗಿಯಿತು. ಮುಂಡಗೋಡ ತಾಲೂಕಿನ ಮಳಗಿಯಲ್ಲಿ ನನ್ನ ಸೋದರಮಾವ ಇದ್ದ. ಅವನು ಬಂದು, "ನಡೀರಿ, ನಮ್ಮಲ್ಲೆ ಮನಿ ಐತಿ, ಹೊಲ ಐತಿ. ಹುಡುಗಿಗೊಂದು ವರಾನೂ ನೋಡೇನಿ, ನಮ್ಮಾಕಿ ತಮ್ಮ. ಯುಗಾದಿಗೆ ಅಕ್ಕಿಕಾಳು ಹಾಕಿಬಿಡೂಣು," ಎಂದ. ಮನೆ ಬಿಟ್ಟರೆ ಮಳಗಿ, ಮಳಗಿಗೆ ಹೋದರೆ ಮದುವೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ದಾಂಡೇಲಿಯ ಹಳೆಯ ಊರಲ್ಲಿ ಬಾಡಿಗೆ ಕೋಣೆ ಕೇಳಿದೆವು. ಗಂಡಸಿಲ್ಲದ ಮನೆಗೆ ಯಾರೂ ಕೊಡಲಿಲ್ಲ.

ಅವ್ವ ಕ್ವಾರ್ಟರ್ಸುಗಳ ಉಸ್ತುವಾರಿ ನೋಡುವ ಸಾಹೇಬನ ಆಫೀಸಿಗೆ ಹೋದಳು. ಹೊಸದಾಗಿ ಬಂದವನು, ಮೈಸೂರು ಕಡೆಯ ಮಾತು. ನಾನೂ ಜೊತೆಗಿದ್ದೆ.

"ಪರೀಕ್ಷಾ ಮುಗಿಯೂತನಕ ಇರಾಕ ಬಿಡ್ರಿ ಸಾಹೇಬ್ರ. ಆಮ್ಯಾಲ ಒಂದು ದಿನಾನೂ ಇರೂದಿಲ್ಲ."

ಅವನು ತಲೆ ಎತ್ತಲಿಲ್ಲ. "ನಿಮ್ಮ ಮಗಳೊಬ್ಬಳಿಗೋಸ್ಕರ ರೂಲ್ಸ್ ಬದಲಾಯಿಸೋಕಾಗುತ್ತೇನಮ್ಮ? ಹೆಣ್ಣು ಹುಡುಗಿ ತಾನೆ, ಮುಂದಿನ ವರ್ಷ ಕಟ್ಟಿದರಾಯ್ತು."

ಅವ್ವ ಮತ್ತೊಮ್ಮೆ ಹೋದಳು, ಇನ್ನೊಮ್ಮೆಯೂ ಹೋದಳು. ಅದೇ ಮಾತು. ಕೊನೆಯ ಸಲ ಬರುವಾಗ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, "ನೀ ಎಷ್ಟು ಓದಬೇಕು?" ಎಂದು ಕೇಳಿದಳು. ಬಹಳ ಓದಬೇಕು, ಹಗಲು ಆಗುವುದಿಲ್ಲ ಎಂದೆ. ಆಗುತ್ತಲೇ ಇರಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಒಂಟಿ ಗಂಡಸರಿಗೆ ರೊಟ್ಟಿ ಮಾಡಿ ಕೊಡಲು ಹಿಡಿದಿದ್ದಳು. ಹಗಲೆಲ್ಲ ರೊಟ್ಟಿ ಬಡಿಯುವ ಸದ್ದು, ಹೊಗೆ, ಬಂದು ಹೋಗುವವರು, ಮೇಲೆ ಕಾದ ಶೀಟು. ಓದಲು ಶಾಲೆ ರಜೆ ಕೊಟ್ಟಿತ್ತು, ಆದರೆ ಓದುವ ಜಾಗವನ್ನು ಯಾರು ಕೊಡಬೇಕು?

"ಹಂಗಾರ ರಾತ್ರಿ ಪಾಳಿ ಹಿಡಿ," ಎಂದಳು ಅವ್ವ. "ನಿಮ್ಮಪ್ಪ ಜೀವನಪೂರ್ತಿ ಮಾಡ್ಯಾನ. ನೀ ಒಂದು ಬ್ಯಾಸಗಿ ಮಾಡು."

ಹೀಗೆ ನನ್ನ ಪಾಳಿ ಶುರುವಾಯಿತು. ರಾತ್ರಿಯ ಭೋಂಗಾಕ್ಕೆ ಪುಸ್ತಕ ತೆಗೆದರೆ ಮುಂಜಾನೆಯ ಭೋಂಗಾಕ್ಕೆ ಮುಚ್ಚುತ್ತಿದ್ದೆ. ಲೈನಿನ ಗಂಡಸರು ಡಬ್ಬಿ ಹಿಡಿದು ಮನೆಗೆ ಬರುವ ಹೊತ್ತಿಗೆ ನಾನೂ ಮುಖ ತೊಳೆದು, ರೊಟ್ಟಿ ತಿಂದು, ಅಪ್ಪ ಮಲಗುತ್ತಿದ್ದ ಜಾಗದಲ್ಲೇ ಮಲಗುತ್ತಿದ್ದೆ. ಮೊದಲ ದಿನ ಅವ್ವ ಅಟ್ಟದಿಂದ ಫೆಲ್ಟ್ ಇಳಿಸಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ನಾನು ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅದನ್ನು ಝಾಡಿಸಿ ಹೊರಗೆ ಹೋಗಿ ಚಿಲಕಕ್ಕೆ ತೂಗಿದಳು. ರೊಟ್ಟಿಯ ಹಂಚು, ಹಿಟ್ಟು ಎತ್ತಿಕೊಂಡು ಪಕ್ಕದ ಮನೆಯ ಮೆಹಬೂಬಿ ಖಾಲಾಳ ಅಡುಗೆಮನೆಗೆ ಹೋದಳು.

ಮೆಹಬೂಬಿ ಖಾಲಾ ಎಂದರೆ ಲೈನಿನ ಬಾಯಿ. ಅವಳಿಗೂ ಆ ಫೆಲ್ಟ್ ಕಂಡು ಮೈ ಜುಮ್ಮೆಂದಿತಂತೆ. ಆದರೆ ಅವಳು ತನ್ನ ಕಟ್ಟೆಯ ಮೇಲೆ ಕೂತು ಓಣಿ ಕಾದಳು. ಕೇಳಿದವರಿಗೆಲ್ಲ "ಚುಪ್! ಹುಡುಗಿ ನೈಟ್ ಮಾಡಿ ಬಂದಾಳ," ಎನ್ನುತ್ತಿದ್ದಳು. ನಾಲ್ಕು ದಿನ ಹೆಂಗಸರು ನಕ್ಕರು. ಐದನೆಯ ದಿನದಿಂದ ಕಾಯಿಪಲ್ಲೆಯವಳು ನಮ್ಮ ಮನೆಯ ಮುಂದೆಯೂ ಕೂಗು ನಿಲ್ಲಿಸಿದಳು.

ಕೆಲವು ಸಲ ನಡುವೆ ನನಗೆ ಎಚ್ಚರವಾಗುತ್ತಿತ್ತು. ಮೂಗಿನ ಹತ್ತಿರ ಜೋಳದ ಹಿಟ್ಟಿನ ವಾಸನೆ. ಕಣ್ಣು ತೆರೆದರೆ ಅವ್ವನ ಅಂಗೈ. ರೊಟ್ಟಿ ಬಡಿಯುವುದನ್ನು ನಡುವೆ ಬಿಟ್ಟು ಹಿಂದಿನ ಬಾಗಿಲಿಂದ ಬಂದು ನನ್ನ ಉಸಿರು ನೋಡಿ ಹೋಗುತ್ತಿದ್ದಳು. ನಾನು ಎಚ್ಚರವಿದ್ದೇನೆಂದು ತೋರಿಸುತ್ತಿರಲಿಲ್ಲ. ಉಸಿರನ್ನು ಮಾತ್ರ ಸ್ವಲ್ಪ ಜೋರಾಗಿ ಬಿಡುತ್ತಿದ್ದೆ, ಅವಳಿಗೆ ಧೈರ್ಯವಾಗಲಿ ಎಂದು.

ಉಳವಿಯ ಚಕ್ಕಡಿಗಳು ಹೋಗಿ ತಿರುಗಿ ಬಂದಿದ್ದವು. ಬಿಸಿಲು ಏರಿತ್ತು. ಅಂಥದೊಂದು ಮಧ್ಯಾಹ್ನ ಸಾಹೇಬ ತಾನೇ ಬಂದ, ವಾಚ್‌ಮನ್ ತುಕಾರಾಮನನ್ನು ಕರೆದುಕೊಂಡು. ತುಕಾರಾಮ ಹುಟ್ಟಿ ಬೆಳೆದದ್ದು ಇದೇ ಲೈನಿನಲ್ಲಿ. ನನಗೆ ಒಳಗೆ ಎಚ್ಚರವಿತ್ತು, ಒಂದೊಂದು ಮಾತೂ ಕೇಳಿಸುತ್ತಿತ್ತು.

"ಬಡಿ ಬಾಗಿಲು," ಎಂದ ಸಾಹೇಬ.

ತುಕಾರಾಮ ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದ.

"ಏನಾಯ್ತಯ್ಯಾ? ಬಡಿ."

"ಫೆಲ್ಟ್ ಐತ್ರಿ ಸಾಹೇಬ."

"ಇದ್ದರೆ?"

"ಪಾಳಿ ಮುಗಿಸಿ ಯಾರೋ ಮಲಗ್ಯಾರ್ರಿ. ಬಡಿಯೂ ಹಂಗಿಲ್ರಿ."

"ಈ ಮನೆಯವನು ಸತ್ತುಹೋಗಿದಾನಲ್ಲಯ್ಯಾ! ಇನ್ಯಾವ ಪಾಳಿ?"

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಅವ್ವ ಬಂದಳು. "ರಾತ್ರಿ ಪಾಳಿರೀ. ನನ್ನ ಮಗಳದು."

"ಓದೋದು ಪಾಳಿಯೇನಮ್ಮ?"

"ರಾತ್ರಿ ಭೋಂಗಾಕ್ಕ ಕುಂತು ಮುಂಜಾನಿ ಭೋಂಗಾಕ್ಕ ಏಳೂದು ಪಾಳಿ ಅಲ್ಲಂದ್ರ ಇನ್ನೇನ್ರಿ ಅದು?"

ಸಾಹೇಬನಿಗೆ ಸಿಟ್ಟು ಬಂತು. ತಾನೇ ಮುಂದೆ ಬಂದು ಮುಷ್ಟಿ ಕಟ್ಟಿ ಬಾಗಿಲಿಗೆ ಗುದ್ದಿದ. ಗುದ್ದು ಫೆಲ್ಟಿನ ಮೇಲೆ ಬಿತ್ತು. ದಿಂಬಿಗೆ ಹೊಡೆದಷ್ಟೂ ಸದ್ದಾಗಲಿಲ್ಲ. ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಮೆಹಬೂಬಿ ಖಾಲಾ ಕಟ್ಟೆಯಿಂದ, "ಸಾಬ್, ಜರಾ ಹಳೂ ಮಾತಾಡ್ರಿ. ಇಲ್ಲೆ ಮೂರು ಮನ್ಯಾಗ ಗಂಡಸರು ಮಲಗ್ಯಾರ," ಎಂದು ಪಿಸುಗುಟ್ಟಿದಳು. ಅವಳು ಪಿಸುಗುಟ್ಟಿದ್ದನ್ನು ಲೈನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಸೋಮವಾರ ಈ ಮನೆಗೆ ಬೇರೆಯವರು ಸಾಮಾನು ಸಮೇತ ಬರ್ತಾರೆ. ಅವರ ಹತ್ರ ಮಾತಾಡಿಕೊಳ್ಳಿ," ಎಂದು ಹೇಳಿ ಸಾಹೇಬ ಹೊರಟುಹೋದ. ಓಣಿ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಸಾಹೇಬನನ್ನು ತಡೆಯಬಹುದು, ನಮ್ಮಂಥವರೇ ಬಂದು ನಿಂತರೆ ಏನು ಮಾಡುವುದು ಎಂದು ಅವಳಿಗೆ ಅವತ್ತೇ ಹೊಳೆದಿತ್ತೆಂದು ಕಾಣುತ್ತದೆ.

ಸೋಮವಾರ ಬಂದವರು ಇನಾಸ್ ಮತ್ತು ಅವನ ಹೆಂಡತಿ ರೋಜಾಬಾಯಿ. ಹಳಿಯಾಳದಾಚೆಯ ಹಳ್ಳಿಯ ಸಿದ್ದಿ ಜನ, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ಪೈಕಿ, ಚರ್ಚಿಗೆ ಹೋಗುವವರು. ಇನಾಸ್ ಕಟ್ಟಿಗೆ ಯಾರ್ಡಿನಲ್ಲಿ ವರ್ಷಗಟ್ಟಲೆ ದಿನಗೂಲಿ ಮಾಡಿ ಆಗಷ್ಟೇ ಕಾಯಂ ಆಗಿದ್ದ. ಕೈಗಾಡಿಯ ಮೇಲೆ ಟ್ರಂಕು, ಹಾಸಿಗೆ ಸುರುಳಿ, ಪಾತ್ರೆ, ಒಂದು ಕೋಳಿಯ ಬುಟ್ಟಿ. ರೋಜಾಬಾಯಿಯ ಸೊಂಟದಲ್ಲಿ ಮಗು. ಇನಾಸ್ ಅವತ್ತು ಮುಂಜಾನೆ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ, ಕಣ್ಣು ಕೆಂಡವಾಗಿದ್ದವು. ಗಾಡಿ ನಿಲ್ಲಿಸಿ ಬಾಗಿಲ ಕಡೆಗೆ ಬಂದ, ಫೆಲ್ಟ್ ನೋಡಿದ, ಕೈ ಹಿಂದೆ ತೆಗೆದ. ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟ.

ರೋಜಾಬಾಯಿ ಅವನಿಗೆ ಕೊಂಕಣಿಯಲ್ಲಿ ಏನೇನೋ ಅಂದಳು. ಅವನು ಒಂದೇ ಮಾತು ಹೇಳಿದ್ದು, ಅದೂ ಕನ್ನಡದಲ್ಲಿ, ಎಲ್ಲರಿಗೂ ಕೇಳಲಿ ಎಂಬಂತೆ: "ಮಲಗಿದವರನ್ನ ಎಬ್ಬಸಬಾರದು."

ಅವ್ವ ನೀರು ತಂದು ಕೊಟ್ಟಳು. ರೋಜಾಬಾಯಿ ಮುಟ್ಟಲಿಲ್ಲ.

"ನೀರು ಬ್ಯಾಡ ಅಕ್ಕಾ, ಮನಿ ಬೇಕು," ಎಂದಳು. "ನಿನ್ನ ಸುದ್ದಿ ಎಲ್ಲಾ ಕೇಳೇನಿ. ಗಂಡ ಹ್ವಾದ, ಮಗಳು ಓದತಾಳ. ಖರೆ. ಆದ್ರ ನಾವು ಮೂರು ವರ್ಷ ಆತು, ಇವನ ಅಣ್ಣನ ಪಡಸಾಲ್ಯಾಗ ಬಿದ್ದೇವಿ. ಅಲ್ಲೆ ಹದಿಮೂರು ಮಂದಿ. ನಿನ್ನ ಮಗಳಿಗೆ ಪಾಳಿ ಅಂತಿ. ನನ್ನ ಗಂಡ ಪಾಳಿ ಮುಗಿಸಿ ಬಂದು ಎಲ್ಲೆ ಮಲಗಬೇಕು, ಹೇಳು?"

ಸಾಹೇಬನ ಮುಂದೆ ಬಾಯಿಗೆ ಬಾಯಿ ಕೊಟ್ಟ ಅವ್ವ ಈಗ ತಲೆ ತಗ್ಗಿಸಿ ನೀರಿನ ಚೊಂಬನ್ನು ಕಟ್ಟೆಯ ಮೇಲೆ ಇಟ್ಟಳು. ನಾನು ಎದ್ದು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇವರ ಮನೆಯನ್ನು ನಾನು ಕಸಿದುಕೊಂಡಿದ್ದೇನೆಯೇ? ಅಥವಾ ನನ್ನ ಪರೀಕ್ಷೆಯನ್ನು ಇವರು? ಎರಡೂ ಅಲ್ಲ ಎಂದು ಈಗ ಗೊತ್ತಿದೆ. ಇಬ್ಬರು ಬಡವರನ್ನು ಒಂದೇ ಹೊಸ್ತಿಲಲ್ಲಿ ನಿಲ್ಲಿಸಿ ತಾನು ಫ್ಯಾನಿನ ಕೆಳಗೆ ಕೂತವನು ಬೇರೆ ಇದ್ದ. ಹದಿನೈದರ ವಯಸ್ಸಿನಲ್ಲಿ ಅದು ಹೊಳೆಯಲಿಲ್ಲ. ಬಾಗಿಲು ತೆಗೆದು ಹೊರಗೆ ಹೋಗಿಬಿಡೋಣ, ಮಳಗಿಗೇ ಹೋಗೋಣ ಎನ್ನಿಸಿತು.

ಆಗ ಮಗು ಅಳಲು ಶುರು ಮಾಡಿತು. ರೋಜಾಬಾಯಿ ಅದನ್ನು ಸಮಾಧಾನ ಮಾಡಲು ತಿರುಗಿ ನೋಡುತ್ತಾಳೆ, ಇನಾಸ್ ನಮ್ಮ ಕಟ್ಟೆಯ ಮೇಲೆ ಕೂತಲ್ಲೇ ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದಾನೆ, ಬಾಯಿ ತೆರೆದುಕೊಂಡು. ಮೆಹಬೂಬಿ ಖಾಲಾ ತಡಮಾಡಲಿಲ್ಲ. ಬಂದು ಮಗುವನ್ನು ಎತ್ತಿಕೊಂಡು ಹಿಂದಿನ ಓಣಿಗೆ ನಡೆದಳು. ನಳದ ಹತ್ತಿರದ ಹೆಂಗಸರು ಕೊಡಗಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದರು. ಇಡೀ ಓಣಿ ತಣ್ಣಗಾಯಿತು. ಗುರುತು ಪರಿಚಯ ಇಲ್ಲದ ಒಬ್ಬ ಯಾರ್ಡಿನ ಆಳಿಗೆ, ಅವನು ಪಾಳಿ ಮುಗಿಸಿ ಬಂದಿದ್ದಾನೆ ಎಂಬ ಒಂದೇ ಕಾರಣಕ್ಕೆ.

ರೋಜಾಬಾಯಿ ಅದನ್ನೆಲ್ಲ ನೋಡಿದಳು. ಅವ್ವ ಅವಳು ನೋಡಿದ್ದನ್ನು ನೋಡಿದಳು.

ಅವ್ವ ಹೋಗಿ ಫೆಲ್ಟ್ ಸರಿಸಿ ಬಾಗಿಲು ತೆಗೆದಳು. ನನಗೆ "ಒಳಗ ನಡಿ, ಅಡಗಿಮನ್ಯಾಗ ಹಾಸ್ಕೋ," ಎಂದಳು. ಮುಂದಿನ ಕೋಣೆಯಲ್ಲಿ ಅಪ್ಪನ ಹಾಸಿಗೆಯನ್ನು ಝಾಡಿಸಿ ಮತ್ತೆ ಹಾಸಿದಳು. ಆಮೇಲೆ ರೋಜಾಬಾಯಿಯ ಎದುರು ನಿಂತು ನೇರವಾಗಿ ಹೇಳಿದಳು.

"ನಿನ್ನ ಗಂಡಗ ಇಲ್ಲೆ ಹಾಸೇನಿ. ನೀವು ಮುಂದಿನ ಖೋಲಿಯಾಗಿರ್ರಿ, ನಾವಿಬ್ಬರು ಅಡಗಿಮನ್ಯಾಗ ಇರ್ತೇವಿ. ಪರೀಕ್ಷಾ ಮುಗಿದ ದಿನ ನಾವು ಹೊಂಟೇವಿ. ಒಂದು ಮಾತು ಮೊದಲ ಹೇಳ್ತೇನಿ, ನನ್ನ ಗಂಡ ಹ್ವಾದದ್ದು ಇದ ಜಾಗಾದಾಗ, ಇದ ಹಾಸಿಗಿ ಮ್ಯಾಲೆ. ಹೆದರಿಕಿ ಇದ್ರ ಹೇಳು."

ರೋಜಾಬಾಯಿ ಗಂಡನನ್ನು ನೋಡಿದಳು. "ನಮ್ಮ ಮನುಷ್ಯಾ ಒಮ್ಮೆ ಮಲಗಿದ್ರ ದೆವ್ವ ಬಂದು ಕರದ್ರೂ ಏಳೂದಿಲ್ಲ. ಪಾಪ, ದೆವ್ವಕ್ಕ ಬ್ಯಾಸರ ಬರತೈತಿ," ಎಂದಳು. ಹೇಳಿ, ಕಟ್ಟೆಯ ಮೇಲಿದ್ದ ನೀರಿನ ಚೊಂಬು ಎತ್ತಿ ಗಟಗಟ ಕುಡಿದಳು. ಆಮೇಲೆ ಇಬ್ಬರೂ ಸೇರಿ ಇನಾಸ್‌ನನ್ನು ಎರಡು ರಟ್ಟೆ ಹಿಡಿದು ಒಳಗೆ ನಡೆಸಿಕೊಂಡು ಬಂದು ಮಲಗಿಸಿದರು. ಅವ್ವ ಹೊರಗೆ ಹೋಗಿ ಫೆಲ್ಟ್ ತೂಗಿದಳು.

ಅಲ್ಲಿಂದ ಪರೀಕ್ಷೆಯತನಕ ಆ ಒಂದೂವರೆ ಕೋಣೆಯಲ್ಲಿ ನಾವು ಎರಡು ಸಂಸಾರ. ಸುಖವಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದೇ ಒಲೆ, ಮೀನಿನ ಸಾರಿಗೆ ಒಂದು ಹೊತ್ತು, ರೊಟ್ಟಿಗೆ ಒಂದು ಹೊತ್ತು. ರೋಜಾಬಾಯಿಯ ಕೋಳಿ ನನ್ನ ಸಮಾಜ ವಿಜ್ಞಾನದ ಪುಸ್ತಕದ ಮೇಲೆ ಕೂತು ಎದ್ದಿತ್ತು, ಅದರ ಗುರುತು ಪಾನಿಪತ್ತಿನ ಮೊದಲನೆಯ ಯುದ್ಧದ ಮೇಲೆ ಉಳಿಯಿತು. ಇನಾಸ್‌ನ ಗೊರಕೆಗೆ ಶೀಟು ನಡುಗುತ್ತಿತ್ತು. ಅವ್ವನೂ ರೋಜಾಬಾಯಿಯೂ ದಿನಕ್ಕೊಮ್ಮೆ ಜಗಳವಾಡುತ್ತಿದ್ದರು, ಅದೂ ಪಿಸುಮಾತಿನಲ್ಲಿ, ಮಲಗಿದವರಿಗೆ ಕೇಳಬಾರದೆಂದು. ಪಿಸುಮಾತಿನ ಜಗಳ ಬಹಳ ಹೊತ್ತು ನಿಲ್ಲುವುದಿಲ್ಲ, ಅರ್ಧಕ್ಕೇ ಇಬ್ಬರಿಗೂ ನಗು ಬರುತ್ತಿತ್ತು. ಇನಾಸ್ ರಾತ್ರಿ ಡಬ್ಬಿ ಹಿಡಿದು ಹೊರಡುವಾಗ ಅಡುಗೆಮನೆಯಲ್ಲಿ ಇಣುಕಿ, "ಏನವ್ವಾ, ನೀನೂ ಡ್ಯೂಟಿಗೆ ಹೊಂಟಿ?" ಎಂದು ಕೇಳುತ್ತಿದ್ದ. ಹ್ಞೂಂ ಎನ್ನುತ್ತಿದ್ದೆ.

ಒಂದು ದಿನ ಸಾಹೇಬ ಮತ್ತೆ ಬಂದ. ಬಾಗಿಲಲ್ಲಿ ಫೆಲ್ಟ್ ಇದ್ದೇ ಇತ್ತು, ಕಟ್ಟೆಯ ಮೇಲೆ ರೋಜಾಬಾಯಿ ಮೀನು ಹಸನು ಮಾಡುತ್ತಿದ್ದಳು.

"ಮನೆ ಸಿಕ್ತೇನಮ್ಮ ನಿಮಗೆ?"

"ಸಿಕ್ತ್ರಿ ಸಾಹೇಬ್ರ. ಒಳಗ ನಮ್ಮ ಮನುಷ್ಯಾ ಮಲಗ್ಯಾನ."

"ಮತ್ತೆ ಆ ಹೆಂಗಸು, ಆ ಹುಡುಗಿ? ಅವರಿನ್ನೂ ಇಲ್ಲೇ ಇದಾರೆ ಅಂತ ಸುದ್ದಿ."

"ಅದಾರ್ರಿ. ನಮ್ಮ ಮನಿಗೆ ಬಂದ ಪಾವಣ್ಯಾರು ಅವರು. ಮನಿ ನಮ್ದು ಅಂತ ನೀವೇ ಕೊಟ್ಟೀರಿ. ಪಾವಣ್ಯಾರನ್ನ ಇಟ್ಕೊಳಾಕೂ ನಿಮ್ಮನ್ನ ಕೇಳಬೇಕೇನ್ರಿ?"

"ನಿಮಗೆ ಇವರು ನೆಂಟರಾ?" ಎಂದು ಸಾಹೇಬ ಅವಳ ಮುಖ ನೋಡಿದ, ಪಕ್ಕದಲ್ಲಿ ನಿಂತ ಅವ್ವನ ಮುಖ ನೋಡಿದ.

ರೋಜಾಬಾಯಿ ಮೀನಿನ ಚೂರಿ ಕೆಳಗಿಟ್ಟಳು. "ಯಾಕ್ರಿ, ಬಣ್ಣ ಹೊಂದೂದಿಲ್ಲೇನ್ರಿ?"

ಸಾಹೇಬ ಬಂದ ದಾರಿಗೆ ತಿರುಗಿದ. ಅವನ ಹಿಂದೆ ನಿಂತಿದ್ದ ತುಕಾರಾಮ ಟೋಪಿ ತೆಗೆದು ಬೆವರು ಒರೆಸಿಕೊಳ್ಳುವ ನೆವದಲ್ಲಿ ನಗು ಮುಚ್ಚಿಕೊಂಡ. ಆಮೇಲೆ ಸಾಹೇಬ ಓಣಿಗೆ ಬರಲಿಲ್ಲ.

ಪರೀಕ್ಷೆಗೆ ಒಂದು ವಾರ ಇರುವಾಗ ಅವ್ವ ನನ್ನ ಪಾಳಿ ಬದಲಿಸಿದಳು. ಬರೆಯುವುದು ಹಗಲು, ಅಲ್ಲಿ ಕೂತು ತೂಕಡಿಸಿದರೆ ಎಲ್ಲ ಹೊಳೆಗೆ ಹೋದಂತೆ. ರಾತ್ರಿ ಬಲವಂತವಾಗಿ ಮಲಗಿಸಿ ಮುಂಜಾನೆ ಎಬ್ಬಿಸಿದಳು. ಮೊದಲ ಪತ್ರಿಕೆಯ ದಿನ ಇನಾಸ್ ಪಾಳಿ ಮುಗಿಸಿ ಬಂದವನು ಮಲಗದೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನನ್ನನ್ನು ಪರೀಕ್ಷೆಯ ಶಾಲೆಗೆ ಬಿಟ್ಟ. ನಡುವೆ ಯುಗಾದಿ ಬಂತು. ಮಳಗಿಯಿಂದ ಸೋದರಮಾವ ಬಂದ, ಅಕ್ಕಿಕಾಳಿನ ಮಾತು ತೆಗೆದ. ಅವ್ವ ಅವನಿಗೆ ಹೋಳಿಗೆ ಬಡಿಸಿ, "ಹುಡುಗಿ ನಾಳೆ ಗಣಿತ ಬರೀತಾಳ, ಉಂಡು ಹೋಗು," ಎಂದಳು. ಅವನು ಉಂಡು ಹೋದ. ಮುಂದೆ ಎರಡು ವರ್ಷ ನಮ್ಮೊಡನೆ ಮಾತು ಬಿಟ್ಟ, ಅದರಿಂದ ನಮಗೇನೂ ಕಡಿಮೆಯಾಗಲಿಲ್ಲ.

ಪಾಸಾದೆಯಾ ಎಂದು ಕೇಳುವವರಿಗೆ: ಆದೆ. ಗಣಿತದಲ್ಲಿ ಎದ್ದು ಬಿದ್ದು ಪಾಸಾದೆ, ವಿಜ್ಞಾನದಲ್ಲಿ ಚೆನ್ನಾಗಿ ಬಂತು. ಹಳಿಯಾಳದಲ್ಲಿ ರೋಜಾಬಾಯಿಯ ಚಿಕ್ಕಮ್ಮ ಒಂದು ಕೋಣೆ ಕೊಟ್ಟಳು, ಗಂಡಸೆಲ್ಲಿ ಎಂದು ಕೇಳಲಿಲ್ಲ. ಅಲ್ಲಿಂದ ಕಾಲೇಜು, ಅಲ್ಲಿಂದ ಹುಬ್ಬಳ್ಳಿಯ ನರ್ಸಿಂಗ್. ನನ್ನ ಜೊತೆಯವರು ರಾತ್ರಿ ಡ್ಯೂಟಿ ಎಂದರೆ ಮುಖ ಸಿಂಡರಿಸುವಾಗ ನನಗೆ ಆಶ್ಚರ್ಯವಾಗುತ್ತಿತ್ತು.

ಆದರೆ ಆ ಬೇಸಿಗೆ ಎಂದರೆ ನನಗೆ ಮೊದಲು ನೆನಪಾಗುವುದು ಕೊನೆಯ ಪತ್ರಿಕೆ ಬರೆದು ಬಂದ ದಿನ. ಓಣಿ ತಿರುಗುತ್ತಲೇ ಗದ್ದಲ ಕೇಳಿಸಿತು. ನಮ್ಮ ಬಾಗಿಲು ಹಾರು ಹೊಡೆದಿತ್ತು. ಅವತ್ತು ಇನಾಸ್‌ಗೆ ವಾರದ ರಜೆ, ಲೈನಿನ ಆ ಬದಿಯಲ್ಲಿ ಯಾರದೂ ರಾತ್ರಿ ಪಾಳಿ ಇರಲಿಲ್ಲ. ಅವ್ವ ಎಲ್ಲ ಮಕ್ಕಳನ್ನು ಕರೆದು, "ಒದರ್ರಿ, ಎಷ್ಟು ಬೇಕಷ್ಟು ಒದರ್ರಿ," ಎಂದಿದ್ದಳಂತೆ. ಚಿನ್ನಿದಾಂಡು ನಮ್ಮ ಕಟ್ಟೆಯ ಮುಂದೆಯೇ ನಡೆದಿತ್ತು. ಮೆಹಬೂಬಿ ಖಾಲಾ ತನ್ನ ನಿಜವಾದ ಗಂಟಲಿನಲ್ಲಿ ಯಾರನ್ನೋ ಬೈಯುತ್ತಿದ್ದಳು. ಆ ಸದ್ದು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಹೋದಾಗಿನಿಂದ ನಮ್ಮ ಬಾಗಿಲ ಮುಂದೆ ಅಷ್ಟು ಗದ್ದಲ ಆಗಿರಲಿಲ್ಲ.

ಸಾಮಾನೆಲ್ಲ ಕಟ್ಟಿ ಆಗಿತ್ತು. ಮನೆಯ ಒಂದು ಕೀಲಿಯನ್ನು ನಾವು ಇನ್ನೂ ಆಫೀಸಿಗೆ ತಿರುಗಿ ಕೊಟ್ಟಿರಲಿಲ್ಲ. ತುಕಾರಾಮ ತಾನೇ ಒಯ್ದು ಕೊಡುತ್ತೇನೆಂದ. ಅವ್ವ ಒಪ್ಪಲಿಲ್ಲ. ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಹೊರಟಳು. ಹಿಂದಿನ ಓಣಿಯಿಂದ ಹೋಗಲಿಲ್ಲ. ದೊಡ್ಡ ಗೇಟಿನ ಮುಂದಿನಿಂದ, ಮಧ್ಯಾಹ್ನದ ಪಾಳಿ ಬದಲಾಗಿ ಜನ ತುಂಬಿ ಹೊರಗೆ ಬರುವ ಹೊತ್ತಿಗೆ ನಡೆದಳು.

ಸಾಹೇಬ ಈ ಸಲ ತಲೆ ಎತ್ತಿ ನೋಡಿದ. ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ದಣಿವಿತ್ತು. "ಆಯ್ತಾ ಪರೀಕ್ಷೆ?" ಎಂದು ನನ್ನನ್ನು ಕೇಳಿದ. ಆಯಿತೆಂದೆ. "ಅಲ್ಲಮ್ಮ," ಎಂದ ಅವ್ವನ ಕಡೆಗೆ ತಿರುಗಿ, "ಇಷ್ಟೆಲ್ಲ ಯಾಕೆ ಬೇಕಾಗಿತ್ತು? ಸರಿಯಾಗಿ ಬಂದು ಕೇಳಿದ್ದರೆ ಎರಡು ತಿಂಗಳು ಕೊಡ್ತಿರಲಿಲ್ವಾ ನಾನು?"

ಅವ್ವ ಕೀಲಿಯನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಇಟ್ಟಳು.

"ಕೇಳಿದ್ನಲ್ರೀ," ಎಂದಳು. "ಇಲ್ಲೇ, ಇದ ಮೇಜಿನ ಮುಂದ ನಿಂತು ಕೇಳಿದ್ನಿ. ನೀವು ಕೊಡಲಿಲ್ಲ. ಅದಕ್ಕ ನಾವೇ ತಗೊಂಡ್ವಿ."